ಬಸೂಗೊಂದು ಪತ್ರ: ಹತ್ತು ಬೆಂಡೆ ಬೀಜ ಬೇಕಿತ್ತು

ಪ್ರಿಯ ಬಸೂ,

ಫೋನ್ ಮಾಡಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ಕೇಳಿದರೆ ನೀನು ಮೊದಲು ನಗುತ್ತೀಯ, ಆಮೇಲೆ ನಾಲ್ಕು ಜನಕ್ಕೆ ಹೇಳುತ್ತೀಯ. ಅದಕ್ಕೆ ನಾನೇ ಎಲ್ಲರ ಎದುರಿಗೆ ಬರೆದುಬಿಡುತ್ತಿದ್ದೇನೆ, ನಗುವವರು ಒಟ್ಟಿಗೇ ನಕ್ಕುಬಿಡಲಿ. ವಿಷಯ ಇಷ್ಟು. ಮೂರು ವರ್ಷದ ಹಿಂದೆ ನೀನು ಮೈಸೂರಿಗೆ ಬಂದಿದ್ದಾಗ, ಹೊರಡುವ ಗಡಿಬಿಡಿಯಲ್ಲಿ, ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಒಂದು ಹಿಡಿ ಬೆಂಡೆ ಬೀಜ ಕೊಟ್ಟಿದ್ದೆನಲ್ಲ, ನಿಮ್ಮವ್ವನಿಗೆ ಅಂತ. ಅದರಲ್ಲಿ ಹತ್ತು ಬೀಜ ವಾಪಸ್ ಬೇಕು ಮಾರಾಯ. ನನ್ನ ಹತ್ತಿರ ಒಂದೂ ಉಳಿದಿಲ್ಲ.

ಅದು ಸಂತೆಯಲ್ಲಿ ಸಿಗುವ ಬೆಂಡೆ ಅಲ್ಲ ಅಂತ ನಿನಗೂ ಗೊತ್ತು. ನಮ್ಮ ಉಡುಪಿ ಕಡೆ ಅದಕ್ಕೆ ಹಾಲು ಬೆಂಡೆ ಅನ್ನುತ್ತಾರೆ. ಅಂಗಡಿಯ ಬೆಂಡೆಗೆ ಐದು ಏಣು, ಇದಕ್ಕೆ ಎಂಟು. ಬಣ್ಣವೂ ಕಡು ಹಸಿರಲ್ಲ, ಹಾಲಿಗೆ ಒಂಚೂರು ಹಸಿರು ಕದಡಿದ ಹಾಗೆ. ಗೇಣುದ್ದ ಬೆಳೆದರೂ ಬೇಗ ನಾರಾಗುವುದಿಲ್ಲ, ಲೋಳೆಯೂ ಕಡಿಮೆ. ಅಮ್ಮ ಮದುವೆಯಾಗಿ ಬರುವಾಗ ತವರಿನಿಂದ ತಂದ ಬೀಜ, ಅಜ್ಜಿಗೆ ಎಲ್ಲಿಂದ ಬಂದಿತ್ತೋ. ಪಕ್ಕದ ಮಟ್ಟು ಊರಿನ ಗುಳ್ಳ ಬದನೆಗಾದರೆ ವಾದಿರಾಜ ಸ್ವಾಮಿಗಳ ಕಥೆ ಇದೆ, 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು. ನಮ್ಮ ಬೆಂಡೆಗೆ ಕಥೆಯೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಅಮ್ಮನ ಹಳೇ ಹಾರ್ಲಿಕ್ಸ್ ಬಾಟಲಿ, ಅದರೊಳಗೆ ಒಲೆಯ ಬೂದಿ, ಬೂದಿಯೊಳಗೆ ಬೀಜ. ಅಷ್ಟೇ ಅದರ ಆಸ್ತಿ.

ಆ ಬಾಟಲಿ ಈಗ ನಮ್ಮ ಅಡುಗೆಮನೆಯ ಅಟ್ಟದಲ್ಲಿದೆ, ಬೂದಿ ಮಾತ್ರ ಇದೆ. ಊರಿನ ಮನೆಗೆ ಬೀಗ ಹಾಕಿ ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬಂದಾಗ ಅವಳು ತಂದ ಸಾಮಾನು ಎರಡು ಚೀಲ. ಒಂದರಲ್ಲಿ ಸೀರೆ, ಇನ್ನೊಂದರಲ್ಲಿ ಬಾಟಲಿಗಳು. ತಾರಸಿಯ ಮೇಲೆ ಹದಿನಾಲ್ಕು ಗ್ರೋ ಬ್ಯಾಗ್ ಇಟ್ಟು ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಕಲಸಿ ತುಂಬಿದಾಗ ಅಮ್ಮ ಕುರ್ಚಿ ಹಾಕಿಕೊಂಡು ಕೂತು ಒಂದೇ ಮಾತು ಹೇಳಿದಳು. "ಇದ್ದದ್ದರಲ್ಲಿ ಚೆಂದದ ಗಿಡ ಯಾವುದೋ ಅದು ಬೀಜಕ್ಕೆ. ಅದಕ್ಕೆ ಕೈ ಹಾಕಬೇಡ. ಉಳಿದದ್ದು ಬಾಯಿಗೆ." ನಾನು ಹೂಂ ಅಂದೆ.

ಆಮೇಲೆ ಏನು ಮಾಡಿದೆ ಗೊತ್ತಾ? ಚೆಂದದ ಗಿಡದಲ್ಲೇ ತಾನೇ ಚೆಂದದ ಕಾಯಿ ಬರೋದು! ಬೀಜ ಹಾಕಿ ನಲವತ್ತೈದು ದಿನಕ್ಕೆ ಮೊದಲ ಕಾಯಿ. ತಿಳಿ ಹಳದಿ ಹೂವು, ನಡುವೆ ಕಡುಗೆಂಪು, ನೋಡಿದರೆ ದಾಸವಾಳದ ತಂಗಿ ಅನ್ನಬೇಕು, ನಿಜಕ್ಕೂ ಒಂದೇ ಕುಟುಂಬದವು. ಬೆಳಗ್ಗೆ ಅರಳಿ ಸಂಜೆಗೆ ಮುದುಡಿಬಿಡುತ್ತದೆ, ಮುದುಡಿ ಐದಾರು ದಿನಕ್ಕೆ ಕಾಯಿ ಕೊಯ್ಯುವ ಹದಕ್ಕೆ ಬರುತ್ತದೆ. ಕೊಯ್ದೆ, ತಿಂದೆ, ಮರುದಿನ ಮತ್ತೆ ಕೊಯ್ದೆ. ಬೀಜಕ್ಕೆ ಆಮೇಲೆ ಬಿಟ್ಟರಾಯಿತು, ಇನ್ನೂ ಕಾಯಿ ಬರುತ್ತಲ್ಲ ಅಂದುಕೊಂಡೆ. ಕೊನೆಗೆ ಬೀಜಕ್ಕೆ ಅಂತ ಉಳಿದದ್ದು ಸೋತು ಸುಣ್ಣವಾದ ಗಿಡದ ಮೂರು ಸೊಟ್ಟ ಕಾಯಿ. ಅವು ಗಿಡದಲ್ಲೇ ಬಲಿತು ಒಣಗಿ ಬಿರಿಯಬೇಕು, ಅದಕ್ಕೆ ಹೂ ಬಿಟ್ಟ ಮೇಲೆ ತಿಂಗಳ ಮೇಲಾಗುತ್ತದೆ. ಅಷ್ಟರಲ್ಲಿ ಅಕ್ಟೋಬರಿನ ಹಿಂಗಾರು ಹಿಡಿದುಕೊಂಡಿತು. ಒಣಗಬೇಕಾದ ಕಾಯಿ ಗಿಡದಲ್ಲೇ ಬೂಷ್ಟು ಹಿಡಿಯಿತು. ಒಳಗಿದ್ದದ್ದು ಜೊಳ್ಳು ಬೀಜ.

ಅಮ್ಮನ ಬಾಟಲಿಯಲ್ಲಿ ಇನ್ನೊಂದಿಷ್ಟು ಹಳೆಯದು ಇತ್ತಲ್ಲ, ಅದನ್ನೂ ಕೆಡಿಸಿದೆ. ಡಿಸೆಂಬರಿನಲ್ಲಿ ಹಾಕಿದೆ. ಬೆಂಡೆಗೆ ಮಣ್ಣು ಬೆಚ್ಚಗಿರಬೇಕು, ಚಳಿಯಲ್ಲಿ ಅದು ಸರಿಯಾಗಿ ಮೊಳೆಯುವುದಿಲ್ಲ, ಎಷ್ಟೋ ಬೀಜ ಮಣ್ಣಿನೊಳಗೇ ಕೊಳೆತುಹೋಗುತ್ತದೆ. ಇದನ್ನು ಅಮ್ಮನ ಹತ್ತಿರ ಕೇಳಿದ್ದರೆ ಹೇಳುತ್ತಿದ್ದಳು. ಕೇಳಲಿಲ್ಲ, ಯಾಕೆಂದರೆ ಕೇಳಿದರೆ "ಬೀಜಕ್ಕೆ ಬಿಟ್ಟ ಗಿಡ ಎಲ್ಲಿ?" ಅನ್ನುವ ಪ್ರಶ್ನೆ ಬರುತ್ತಿತ್ತು.

ಆಮೇಲೆ ಅಂಗಡಿಗೆ ಹೋಗಿ ಒಂದು ಪ್ಯಾಕೆಟ್ ತಂದೆ. ಒಡೆದರೆ ಬೀಜ ಗುಲಾಬಿ ಬಣ್ಣ! ಶಿಲೀಂಧ್ರ ಬರದಿರಲಿ ಅಂತ ಔಷಧಿ ಸವರಿರುತ್ತಾರೆ, ಅದನ್ನು ಮುಟ್ಟಿ ಕೈ ತೊಳೆದುಕೊಳ್ಳಬೇಕು. ಹೈಬ್ರಿಡ್. ಕಾಯಿ ಏನೋ ಚೆನ್ನಾಗಿಯೇ ಬಂತು, ಸುಳ್ಳು ಹೇಳಬಾರದು. ಆದರೆ ಹೈಬ್ರಿಡ್ ಕಾಯಿಯ ಬೀಜ ಹಿಡಿದು ಹಾಕಿದರೆ ಮುಂದಿನ ವರ್ಷ ಅದೇ ಗಿಡ ಬರುವುದಿಲ್ಲ, ಒಂದು ಹಾಗೆ, ಒಂದು ಹೀಗೆ. ಪ್ರತಿ ಸಲ ಕೊಳ್ಳಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಬೇರೆ. ಅದು ಹೈಬ್ರಿಡ್ ಅಲ್ಲ, ಬೀಜ ಹಿಡಿಯಬಹುದು, ಬೆಂಡೆಯ ಕಾಡು ನೆಂಟನ ಗುಣ ಸೇರಿಸಿ ಹಳದಿ ನಂಜು ರೋಗ ತಡೆಯುವ ಹಾಗೆ ಮಾಡಿದ್ದಾರೆ. ಎಲೆಯ ನರವೆಲ್ಲ ಹಳದಿ ಬಲೆಯ ಹಾಗೆ ಆಗುತ್ತಲ್ಲ, ಬಿಳಿ ನೊಣ ಹರಡುವುದು, ಅದೇ. ನಮ್ಮ ಹಾಲು ಬೆಂಡೆಗೂ ಒಂದು ಸಲ ಬಂದಿತ್ತು, ಎರಡು ಗಿಡ ಕಿತ್ತು ಎಸೆದೆ. ಹೀಗೆ ಎಲ್ಲ ಗೊತ್ತಿದ್ದೂ ನನಗೆ ಅದೇ ಬೇಕು ಅನ್ನಿಸುತ್ತದೆ, ಏನು ಮಾಡಲಿ.

ಬೇರೆಯದೆಲ್ಲ ಹಾಳಾಗಿಲ್ಲ ಬಿಡು, ಪೂರ್ತಿ ದಡ್ಡ ಅಂದುಕೊಳ್ಳಬೇಡ. ಮೆಂತ್ಯ ಅಡುಗೆಮನೆ ಡಬ್ಬಿಯದೇ, ಮೂರೇ ದಿನಕ್ಕೆ ಮೊಳಕೆ, ಮೂರು ವಾರಕ್ಕೆ ಸೊಪ್ಪು. ನೀನು ಈ ಸಲ ಶುರು ಮಾಡುವುದಾದರೆ ಅದರಿಂದಲೇ ಮಾಡು, ಬೇಗ ಖುಷಿಯಾಗುತ್ತದೆ. ಎಳೆ ಮೆಂತ್ಯಕ್ಕೆ ಈರುಳ್ಳಿ ಹೆಚ್ಚಿ ಹಾಕಿ ನಿಮ್ಮವ್ವ ಪಚಡಿ ಮಾಡಿಕೊಡುತ್ತಾರಲ್ಲ ರೊಟ್ಟಿ ಜೊತೆ, ಅದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಕೊತ್ತಂಬರಿ ಮಾತ್ರ ನನ್ನನ್ನು ಎರಡು ಸಲ ಆಟ ಆಡಿಸಿತು. ಇಡೀ ಕಾಳು ಹಾಕಿ ಕಾದೆ, ಕಾದೆ. ಆ ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ ಅಂತ ಗೊತ್ತೇ ಇರಲಿಲ್ಲ. ಚಪ್ಪಲಿ ಅಡಿಯಲ್ಲಿ ಹಗುರವಾಗಿ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕಬೇಕು. (ಚಪ್ಪಲಿ ತೊಳೆದಿದ್ದೆ. ಹೆಂಡತಿ ಇನ್ನೂ ನಂಬಿಲ್ಲ.) ಆದರೂ ಎಂಟು ಹತ್ತು ದಿನ ಬೇಕು. ದಂಟಿನ ಬೀಜವನ್ನು ಇರುವೆಗಳು ಸಾಲು ಹಿಡಿದು ಹೊತ್ತುಕೊಂಡು ಹೋದವು. ಅಮ್ಮ ಸುತ್ತ ಒಂದು ಹಿಡಿ ಅಕ್ಕಿ ನುಚ್ಚು ಚೆಲ್ಲಿದಳು, ಇರುವೆ ಅದರ ಹಿಂದೆ ಹೋಯಿತು, ನಮ್ಮ ಬೀಜ ಉಳಿಯಿತು.

ಚೆಂಡು ಹೂವಿಗೆ ನಾನು ದುಡ್ಡೇ ಕೊಟ್ಟಿಲ್ಲ. ಆಯುಧ ಪೂಜೆಗೆ ಬೈಕಿಗೆ ಹಾಕಿದ್ದ ಹಾರವನ್ನು ಮಗಳು ಒಣಗಿಸಿ ಇಟ್ಟಿದ್ದಳು. ಹೂವು ಬಿಡಿಸಿದರೆ ಕಪ್ಪು ಕಡ್ಡಿಗೆ ಬಿಳಿ ಬಾಲ ಇದ್ದ ಹಾಗೆ ಬೀಜ. ಜುಲೈ ಕೊನೆಗೆ ಹಾಕಿದೆವು, ದಸರಾಕ್ಕೆ ನಮ್ಮದೇ ಹೂವು. ಹೂವು ಹಾರದವರ ಹೂವಿನಷ್ಟು ದಪ್ಪ ಬರಲಿಲ್ಲ, ಅದು ಬೇರೆ ಮಾತು. ಅದರ ಬೇರು ಮಣ್ಣಿನಲ್ಲಿ ಗಂಟು ಬೇರು ಮಾಡುವ ಜಂತು ಹುಳುಗಳನ್ನು ಕಡಿಮೆ ಮಾಡುತ್ತದೆ, ಬೆಂಡೆಗೆ ಆ ಕಾಟ ಜಾಸ್ತಿ. ಈಗ ಆ ಚೀಲದಲ್ಲೇ ಬೆಂಡೆ ಹಾಕಬೇಕು ಅಂತ ಖಾಲಿ ಬಿಟ್ಟಿದ್ದೇನೆ. ಹಾಕಲು ಬೀಜ ಇಲ್ಲ.

ನೀನು ಆ ಸಲ ನಮ್ಮಲ್ಲಿ ಉಂಡದ್ದು ಬೆಂಡೆ ಸಾಸಿವೆ. "ಇದೇನ್ ಸಿಹಿನೋ ಹುಳಿನೋ" ಅಂತ ಕೇಳುತ್ತಲೇ ಮೂರು ಸಲ ಹಾಕಿಸಿಕೊಂಡೆಯಲ್ಲ. ಆಮೇಲೆ ಎರಡು ಸಲ ಮೆಸೇಜ್ ಮಾಡಿ ಹೇಗೆ ಅಂತ ಕೇಳಿದ್ದೆ, ನಾನು ಹೇಳಲಿಲ್ಲ. ಈಗ ಬೀಜ ಕೇಳುವ ಗರಜು ನನಗೆ, ಹೇಳುತ್ತೇನೆ. ಬೆಂಡೆಯ ತುದಿ ಬೆರಳಲ್ಲಿ ಒತ್ತಿದರೆ ಚಟ್ ಅಂತ ಮುರಿಯಬೇಕು, ಬಗ್ಗಿದರೆ ಅದು ಬಲಿತದ್ದು. ಇಡೀ ಕಾಯಿ ತೊಳೆದು ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆಯೇ ಹೆಚ್ಚಬೇಕು. ಹೆಚ್ಚಿದ ಮೇಲೆ ನೀರು ತಾಗಿಸಿದರೆ ಲೋಳೆಯೋ ಲೋಳೆ. ತೆಂಗಿನೆಣ್ಣೆಯಲ್ಲಿ ಮುಚ್ಚಳ ಮುಚ್ಚದೆ ಹುರಿ, ಅಂಚು ಕೆಂಪಗಾಗಲಿ, ಉಪ್ಪು ಕೊನೆಗೆ. ಅರ್ಧ ಹೋಳು ಕಾಯಿತುರಿ, ಎರಡು ಬ್ಯಾಡಗಿ ಮೆಣಸು, ಅರ್ಧ ಚಮಚ ಸಾಸಿವೆ, ಇಷ್ಟು ರುಬ್ಬು. ಸಾಸಿವೆ ಜಾಸ್ತಿಯಾದರೆ ಕಹಿ, ಮೊದಲೇ ಹಾಕಿ ತುಂಬಾ ಹೊತ್ತು ರುಬ್ಬಿದರೂ ಕಹಿ, ಅದಕ್ಕೆ ಕಾಯಿ ನುಣ್ಣಗಾದ ಮೇಲೆ ಸಾಸಿವೆ ಹಾಕಿ ಎರಡು ಸುತ್ತು ತಿರುಗಿಸಿದರೆ ಸಾಕು. ಹುರಿದ ಬೆಂಡೆ ಪೂರ್ತಿ ಆರಲಿ. ಆಮೇಲೆ ರುಬ್ಬಿದ್ದು, ಒಂದು ಲೋಟ ಹುಳಿಯಿಲ್ಲದ ಮೊಸರು, ಬೇಕಿದ್ದರೆ ಚಿಟಿಕೆ ಬೆಲ್ಲ. ಕುದಿಸಬೇಡ. ಮೇಲೊಂದು ಕರಿಬೇವಿನ ಒಗ್ಗರಣೆ. ಅನ್ನಕ್ಕೆ ಮಾಡಿದ್ದು ಇದು, ನೀನು ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದರೆ ನನ್ನ ತಕರಾರಿಲ್ಲ. ನಿಮ್ಮವ್ವ ಅದೇ ಬೆಂಡೆಗೆ ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿದ ಫೋಟೋ ಕಳಿಸಿದ್ದೆಯಲ್ಲ, ಅದನ್ನು ನಾನೂ ಮಾಡಿ ನೋಡಿದೆ. ನಮ್ಮದಕ್ಕಿಂತ ಚೆನ್ನಾಗಿತ್ತು. ಅಮ್ಮನಿಗೆ ಹೇಳಿಲ್ಲ.

ಆ ಫೋಟೋ ಬಂದ ದಿನ ಅವರು ಫೋನ್ ತಗೊಂಡು "ಈ ಬೆಂಡಿ ಭಾಳ ಉದ್ದ ಐತೋ ತಮ್ಮಾ, ಒಂದ ಹೆಚ್ಚಿದ್ರ ಇಬ್ಬರ ಊಟ ಆಕ್ಕೇತಿ" ಅಂದಿದ್ದರು. ಅದಕ್ಕೇ ನನಗೆ ಆಸೆ. ಅವರು ನನ್ನ ಹಾಗೆ ಎಲ್ಲ ತಿಂದು ಮುಗಿಸುವವರಲ್ಲ, ಎಲ್ಲೋ ಗಂಟು ಕಟ್ಟಿ ಇಟ್ಟೇ ಇರುತ್ತಾರೆ. ಪ್ರತಿ ವರ್ಷ ಹಾಕಿದ್ದರೆ ಹೊಸ ಬೀಜವೇ ಇರುತ್ತದೆ, ಅದಕ್ಕಿಂತ ಇನ್ನೇನು ಬೇಕು. ನಾನು ಕೊಟ್ಟ ಹಳೇ ಪೊಟ್ಟಣವೇ ಉಳಿದಿದ್ದರೆ ಮೊದಲು ನೀನೊಂದು ಕೆಲಸ ಮಾಡು. ಬೆಂಡೆ ಬೀಜ ಚೆನ್ನಾಗಿ ಒಣಗಿದ್ದರೆ ಎರಡು ಮೂರು ವರ್ಷ ಬಾಳುತ್ತದೆ, ಕುಂಬಳ ಸೌತೆಯಷ್ಟು ಗಟ್ಟಿ ಅಲ್ಲ, ಈರುಳ್ಳಿ ಬೀಜದಷ್ಟು ಬೇಗ ಸಾಯುವುದೂ ಇಲ್ಲ. ಹತ್ತು ಬೀಜ ರಾತ್ರಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿಡು, ಬಟ್ಟೆ ಒಣಗದ ಹಾಗೆ ನೋಡಿಕೊ. ಐದಾರು ದಿನದಲ್ಲಿ ಏಳು ಮೊಳೆತರೆ ಬೀಜ ಚೆನ್ನಾಗಿದೆ. ಎರಡೇ ಮೊಳೆತರೂ ಚಿಂತೆಯಿಲ್ಲ, ಆ ಎರಡನ್ನು ಅಲ್ಲೇ ಹಿತ್ತಲಿಗೆ ಹಾಕಿಬಿಡು, ಪೊಟ್ಟಣದಲ್ಲಿ ಉಳಿದದ್ದನ್ನು ನನಗೆ ಕಳಿಸು.

ಇನ್ನೊಂದು ಮಾತು ಕೇಳಬೇಕು, ತಪ್ಪು ತಿಳಿಯಬೇಡ. ಅವರು ಪಕ್ಕದ ಸಾಲಿನಲ್ಲೇ ಸಂತೆಯ ಬೆಂಡೆಯನ್ನೂ ಹಾಕಿದ್ದರಾ? ಬೆಂಡೆ ಹೂವು ತನ್ನಷ್ಟಕ್ಕೇ ಕಾಯಿ ಕಟ್ಟುತ್ತದೆ, ಆದರೆ ಜೇನು ಬಂದರೆ ಅಷ್ಟಿಷ್ಟು ಬೆರಕೆ ಆಗಿಯೇ ಆಗುತ್ತದೆ. ಆಗಿದ್ದರೂ ಕಳಿಸು, ಎಂಟು ಏಣು ಬಂದದ್ದನ್ನು ನಾನು ಇಲ್ಲಿ ಆರಿಸಿಕೊಳ್ಳುತ್ತೇನೆ. ಈ ಸಲ ಹಾಕುವಾಗ ಮಾತ್ರ ಬೀಜದ ಗಿಡದಲ್ಲಿ ನಾಳೆ ಅರಳುವ ಮೊಗ್ಗು, ತುದಿಯಲ್ಲಿ ಹಳದಿ ಇಣುಕುತ್ತಿರುತ್ತದೆ ನೋಡು, ಅದರ ತುದಿಗೆ ಸಂಜೆಯೇ ಒಂದು ದಾರ ಕಟ್ಟಲಿ. ಅರಳದೆ ಒಳಗೇ ಕಾಯಿ ಕಟ್ಟುತ್ತದೆ, ಜೇನಿಗೆ ದಾರಿಯಿಲ್ಲ.

ರೋಹಿಣಿ ಮಳೆ ಹುಟ್ಟಿ ನಾಲ್ಕು ದಿನವಾಯಿತು. ನಿಮ್ಮ ಕಡೆ "ರೋಣಿ ಮಳಿ ಆದ್ರ ಓಣೆಲ್ಲ ಜ್ವಾಳ" ಅಂತಾರಲ್ಲ. ಇಲ್ಲಿ ಅಮ್ಮ ದಿನಾ ಸಂಜೆ ತಾರಸಿ ಮೆಟ್ಟಿಲು ನಿಧಾನಕ್ಕೆ ಹತ್ತಿ ಬರುತ್ತಾಳೆ, "ಬೆಂಡೆ ಹಾಕಿದೆಯಾ?" ಅನ್ನುತ್ತಾಳೆ. ಮೊನ್ನೆ "ಹಾಕಿದ್ದೇನೆ" ಅಂತ ಖಾಲಿ ಚೀಲ ತೋರಿಸಿದೆ. ಬೆಂಡೆ ಮೊಳೆಯಲು ಜಾಸ್ತಿ ಅಂದರೆ ಒಂದು ವಾರ. ಅವಳು ಎಣಿಸುತ್ತಾಳೆ, ನನಗೆ ಗೊತ್ತು. ಇವತ್ತಿಗೆ ಮೂರು ದಿನ.

ಸಾದಾ ಲಕೋಟೆಯಲ್ಲಿ ಹಾಕಬೇಡ, ಮುದ್ರೆ ಒತ್ತುವಾಗ ಬೀಜ ಒಡೆಯುತ್ತದೆ. ಬೆಂಕಿಪೊಟ್ಟಣದಲ್ಲಿ ಹತ್ತಿ ತುಂಬಿ, ಅದರೊಳಗೆ ಇಟ್ಟು, ಸ್ಪೀಡ್ ಪೋಸ್ಟ್ ಮಾಡು. ದುಡ್ಡು ಕೊಡುವುದಿಲ್ಲ, ಹೂವಿನ ಬೀಜ ಕಳಿಸುತ್ತೇನೆ. ನಿಮ್ಮವ್ವನ ಹತ್ತಿರ ಹಕ್ಕರಿಕೆ ಸೊಪ್ಪಿನ ಬೀಜ ಇದ್ದರೆ ಅದನ್ನೂ ಒಂದು ಚಿಟಿಕೆ ಹಾಕು, ಮೈಸೂರಿನಲ್ಲಿ ಅದರ ಹೆಸರು ಹೇಳಿದರೂ ಯಾರಿಗೂ ಗೊತ್ತಿಲ್ಲ.

ನಿನ್ನ
ಗೋಪಿ