ಮಗಳಿಗೊಂದು ಪತ್ರ: ಪಾಪುವಿಗೆ ಭೇದಿಯಾದಾಗ

ಮಧುಗಿರಿ
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಮೊನ್ನೆ ಪಾಪುವಿಗೆ ಕುಡಿಸುತ್ತಿದ್ದ ಹಣ್ಣಿನ ರಸದ ಪೊಟ್ಟಣವನ್ನು ನಿನ್ನ ಅತ್ತೆಯವರ ಎದುರಿಗೇ ನಿನ್ನ ಕೈಯಿಂದ ಕಿತ್ತುಕೊಂಡದ್ದರಿಂದ ನಿನಗೆ ನೋವಾಗಿದೆ. ಹಾಗೆ ಕಿತ್ತುಕೊಂಡದ್ದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ. ಅದನ್ನು ಬಚ್ಚಲಿಗೆ ಚೆಲ್ಲಿದ್ದಕ್ಕೆ ಮಾತ್ರ ಕೇಳಲಾರೆ. ನಾಳೆ ನೀವು ಕಲಬುರಗಿಗೆ ಹೊರಡುತ್ತೀರಿ. ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳುವ ಮಗಳ ತಾಯಿ ಎಂದು ಇಡೀ ಬೀದಿಗೆ ಹೇಳಿಕೊಂಡು ಬಂದವಳು ನಾನು. ಆದರೂ ಅಲ್ಲಿ ನಡುರಾತ್ರಿ ಮಗುವಿಗೆ ವಾಂತಿಭೇದಿ ಶುರುವಾದರೆ ಹತ್ತಿರ ನಾನಿರುವುದಿಲ್ಲ ಎಂಬ ಯೋಚನೆಯಿಂದ ನಿದ್ದೆ ಬರುತ್ತಿಲ್ಲ.

ನನಗೊಬ್ಬ ತಮ್ಮನಿದ್ದನೆಂದು ನಿನಗೆ ಗೊತ್ತು. ಅವನು ಹೇಗೆ ಹೋದನೆಂದು ಹೇಳಿಲ್ಲ. 1969ರ ಬೇಸಿಗೆ, ನನಗೆ ಏಳು ವರ್ಷ, ಅವನಿಗೆ ಇನ್ನೂ ಎರಡು ತುಂಬಿರಲಿಲ್ಲ. ಬೆಳಗ್ಗೆ ಭೇದಿ ಶುರುವಾಯಿತು. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ ಎಂದು ಮನೆಯ ಹಿರಿಯರು ನೀರನ್ನೇ ನಿಲ್ಲಿಸಿದರು. ಆಗ ಎಲ್ಲ ಮನೆಗಳಲ್ಲಿಯೂ ಹಾಗೆಯೇ ನಂಬಿದ್ದರು. ಅವನು ನೀರಿನ ಹರವಿಯ ಕಡೆಗೆ ಕೈಚಾಚುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅಳುತ್ತಿದ್ದರೂ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ. ಅಳು ನಿಂತಾಗ ನೋವು ಕಡಿಮೆಯಾಗಿರಬೇಕೆಂದು ನಮ್ಮಮ್ಮ ಸಮಾಧಾನಪಟ್ಟುಕೊಂಡಳು, ಆದರೆ ಅದು ಮಂಪರು. ಕಣ್ಣು ಗುಳಿಬಿದ್ದಿತ್ತು, ನಾಲಿಗೆ ಒಣಗಿತ್ತು, ಮೂತ್ರ ಹೋಗಿ ಎಷ್ಟು ಹೊತ್ತಾಗಿತ್ತೆಂದು ಯಾರೂ ಗಮನಿಸಿರಲಿಲ್ಲ. ಮುಂದೆ ಆರೋಗ್ಯ ಸಹಾಯಕಿಯ ತರಬೇತಿಯಲ್ಲಿ ನಿರ್ಜಲೀಕರಣದ ಪಾಠ ಕೇಳುವಾಗ, ಪುಸ್ತಕದಲ್ಲಿ ಬರೆದಿದ್ದ ಒಂದೊಂದು ಲಕ್ಷಣವನ್ನೂ ನಾನು ಮೊದಲೇ ಅವನ ಮುಖದಲ್ಲಿ ಕಂಡಿದ್ದೆ. ಕಣ್ಣೀರಿಲ್ಲದ ಆ ಅಳು ಈಗಲೂ ಕಿವಿಯಲ್ಲಿದೆ. ಮೊನ್ನೆ ಪಾಪು ಅತ್ತಾಗ ನಾನು ಮೊದಲು ನೋಡಿದ್ದು ಅವಳ ಕಣ್ಣನ್ನು.

ಅವನು ಹೋದ ಎರಡೇ ವರ್ಷಕ್ಕೆ, 1971ರಲ್ಲಿ, ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿಯುತ್ತಾ ಬಂದಾಗ, ಡಾ. ದಿಲೀಪ್ ಮಹಾಲನಾಬಿಸ್ ಅವರು ಉಪ್ಪು, ಗ್ಲೂಕೋಸ್ ಮತ್ತು ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು ಅಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. ಆ ನೀರಿಗೆ ಬೇಕಾದ ಉಪ್ಪು, ಸಿಹಿ ಎರಡೂ ನಮ್ಮ ಅಡುಗೆಮನೆಯಲ್ಲಿಯೂ ಇದ್ದವು ಮಗಳೇ.

ನೀನು ಓದಿದವಳು, ಕಾರಣ ಹೇಳಿದರೆ ಒಪ್ಪುತ್ತೀಯೆ. ಕರುಳು ಸಕ್ಕರೆಯ ಜೊತೆಯಲ್ಲಿಯೇ ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಸಕ್ಕರೆ ಅಳತೆ ಮೀರಿದರೆ ಮೈಯಲ್ಲಿರುವ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ನಾನು ಚೆಲ್ಲಿದ ಪೊಟ್ಟಣದಲ್ಲಿದ್ದದ್ದು ಅಂಥ ಸಿಹಿನೀರು. ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ (ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆಯ ದ್ರಾವಣ) ಎಂದು ಬರೆಯಬಾರದೆಂದು 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶ ಹೊರಡಿಸಿತು.

ಭೇದಿ ಶುರುವಾದ ತಕ್ಷಣ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿಗೆ ಕಲಸು. ಕಣ್ಣಳತೆ ಬೇಡ, 24 ಗಂಟೆ ಮೀರಿದ್ದನ್ನು ಚೆಲ್ಲು. ಪುಡಿ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್ ಚಮಚದಲ್ಲಿ ಕುಡಿಸು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮುಂದುವರಿಸು. ಎದೆಹಾಲನ್ನಾಗಲಿ, ರಾಗಿ ಸರಿಯನ್ನಾಗಲಿ ನಿಲ್ಲಿಸಬೇಡ. ಜಿಂಕ್ 20 ಮಿಲಿಗ್ರಾಂ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡು. ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಸಿರಪ್ಪನ್ನು ನೀನಾಗಿಯೇ ಕೊಡಬೇಡ. ಇದು ಪಾಠದಂತೆ ಕೇಳುತ್ತಿದೆ ಎಂದು ಗೊತ್ತು, ಆದರೂ ಓದು. ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಂಪರು ಬಂದರೆ, ಕಣ್ಣು ಗುಳಿಬಿದ್ದರೆ, ಆರು ಗಂಟೆ ಮೂತ್ರ ಹೋಗದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮೆಲ್ಲಗೆ ಹಿಂದಕ್ಕೆ ಹೋದರೆ, ನನಗೆ ಫೋನ್ ಮಾಡುತ್ತ ಕೂರದೆ ಆಸ್ಪತ್ರೆಗೆ ಹೊರಡು. ದಾರಿಯುದ್ದಕ್ಕೂ ಕುಡಿಸುತ್ತಲೇ ಇರು.

ಓಆರ್‌ಎಸ್ ಪೊಟ್ಟಣಗಳನ್ನೂ ಜಿಂಕ್ ಮಾತ್ರೆಗಳನ್ನೂ ಪಾಪುವಿನ ಬಟ್ಟೆಯ ಚೀಲದ ಹೊರಜೇಬಿನಲ್ಲಿ, ತಾಯಿ ಕಾರ್ಡಿನ ಜೊತೆಯಲ್ಲಿ ಇಟ್ಟಿದ್ದೇನೆ. ದಡಾರ-ರುಬೆಲ್ಲಾ ಲಸಿಕೆಯ ಎರಡನೆಯ ಡೋಸ್ 16 ತಿಂಗಳು ತುಂಬಿದ ಮೇಲೆ ಹಾಕಿಸಬೇಕು, ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಮೊದಲ ವಾರದಲ್ಲಿಯೇ ಕಂಡು ಹೆಸರು ಬರೆಸು. ನಿನ್ನ ಅತ್ತೆಯವರಿಗೆ ಬೆಳಗ್ಗೆ ನಾನೇ ಎಲ್ಲವನ್ನೂ ವಿವರಿಸುತ್ತೇನೆ.

ಇಂತಿ,
ನಿನ್ನ ಅಮ್ಮ