25 ಜನರಲ್ಲಿ ಒಬ್ಬರು: ಮಗಳಿಗೊಂದು ಪತ್ರ

ಪುಟ್ಟಿ,

ನೀನು ಕಳಿಸಿದ ಅಂಗಡಿ ಬಿಲ್ಲಿನ ಫೋಟೋ ನೋಡಿದೆ. ಅಕ್ಕಿ ಬೆಲೆ ನೋಡಿ ಅಮ್ಮ ಗಾಬರಿಯಾದಳು. ನನ್ನ ಕಣ್ಣು ಹೋಗಿದ್ದು ಕೆಳಗಿನ ಸಾಲಿಗೆ. ತೆರಿಗೆ 4.712 ಪರ್ಸೆಂಟ್. ನೀನಿರುವ ಅಮೆರಿಕದ ಹವಾಯಿ ರಾಜ್ಯದ ಹೊನೊಲುಲುವಿನಲ್ಲಿ ಅಕ್ಕಿಗೂ ಅಷ್ಟೇ, ಸೋಪಿಗೂ ಅಷ್ಟೇ. ನಮ್ಮ ಜಿಎಸ್‌ಟಿಯಲ್ಲಾದರೆ, ಮಾಲು ತರುವಾಗ ಕಟ್ಟಿದ ತೆರಿಗೆಯನ್ನು ಅಂಗಡಿಯವರು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ ಮಾಡಿಕೊಳ್ಳಬಹುದು; ಅಲ್ಲಿ ಹಾಗಿಲ್ಲವಂತೆ.

ಅದನ್ನೇ ಓದುತ್ತಾ ಹೋದಾಗ ಸ್ಯಾಮ್ ಸ್ಲೋಮ್ ಸಿಕ್ಕರು. ಮೊದಲು ಬ್ಯಾಂಕಿನಲ್ಲಿ ಅರ್ಥಶಾಸ್ತ್ರಜ್ಞರು, ಆಮೇಲೆ ಹವಾಯಿಯ ಸಣ್ಣ ವ್ಯಾಪಾರಿಗಳ ಸಂಘದ ಮುಖ್ಯಸ್ಥರು. 1996ರಲ್ಲಿ ರಿಪಬ್ಲಿಕನ್ ಪಕ್ಷದಿಂದ ರಾಜ್ಯದ ಮೇಲ್ಮನೆಯಾದ ಸೆನೆಟ್‌ಗೆ ಗೆದ್ದರು. ಆ ರಾಜ್ಯ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ. 2010ರ ಚುನಾವಣೆ ಮುಗಿದಾಗ 25 ಜನರ ಸದನದಲ್ಲಿ ವಿರೋಧ ಪಕ್ಷ ಅಂದರೆ ಇವರೊಬ್ಬರೇ! ನಾಯಕರೂ ಇವರೇ, ಸದಸ್ಯರೂ ಇವರೇ. ಎಲ್ಲ ಸಮಿತಿಗಳಲ್ಲೂ ಇವರೇ ಕೂರಬೇಕು. ತೆರಿಗೆ ಏರಿಸುವ ಮಸೂದೆ ಬಂದಾಗ ಸಣ್ಣ ಅಂಗಡಿಯವರ ಪರವಾಗಿ ಎದ್ದು ಬೇಡ ಅನ್ನುತ್ತಿದ್ದರು. ಸೋಲುವುದು ಗೊತ್ತಿದ್ದೂ ಆರು ವರ್ಷ ಹಾಗೆ ನಿಂತರು.

ಅವರ ಎಲ್ಲ ಮಾತೂ ನನಗೆ ಒಪ್ಪಿಗೆ ಅಂತಲ್ಲ. 2013ರಲ್ಲಿ ಸಲಿಂಗ ವಿವಾಹದ ಮಸೂದೆಗೂ ಅವರು ಬೇಡ ಅಂದರು. ಅಲ್ಲಿ ನಾನು ಅವರ ಜೊತೆಗಿಲ್ಲ. ಆದರೆ 2016ರಲ್ಲಿ ಅವರು ಸೋತ ಮೇಲೆ ಎರಡು ವರ್ಷ ಆ ಸದನದಲ್ಲಿ 25ಕ್ಕೆ 25 ಜನವೂ ಒಂದೇ ಪಕ್ಷದವರು. ಅದನ್ನು ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು ಕಣೇ.

ನಿನಗೆ ಹೇಳದ ಒಂದು ವಿಷಯ ಇದೆ. ನೀನು ಚಿಕ್ಕವಳಿದ್ದಾಗ ನಮ್ಮ ವರ್ತಕರ ಸಭೆಯಲ್ಲಿ ಲೆಕ್ಕಪತ್ರ ಓದಿದರು. ಒಂದು ಖರ್ಚು ಜಾಸ್ತಿ ಅನ್ನಿಸಿತು. ಕೇಳೋಣ ಅಂತ ಎದ್ದೆ. ಎಲ್ಲರೂ ತಿರುಗಿ ನೋಡಿದರು. ನೀರಿನ ಲೋಟ ತಗೊಂಡು ಸುಮ್ನೆ ಕೂತುಬಿಟ್ಟೆ. ಆ ಸ್ಟೀಲ್ ಲೋಟದ ತಣ್ಣಗಿನ ಅಂಚು ಇವತ್ತಿಗೂ ನೆನಪಿದೆ.

ಮೊನ್ನೆ ಫೋನಿನಲ್ಲಿ, "ಮೀಟಿಂಗ್‌ನಲ್ಲಿ ನಾನೊಬ್ಬಳೇ ಬೇಡ ಅಂದೆ, ತಪ್ಪಾಯ್ತಾ ಅಪ್ಪಾ?" ಅಂತ ಕೇಳಿದೆಯಲ್ವಾ. ಆಗ ಗಂಟಲು ಕಟ್ಟಿ ಉತ್ತರ ಕೊಡಲಾಗಲಿಲ್ಲ. ತಪ್ಪಾಗಿಲ್ಲ ಮಗಳೇ. ನನಗೆ ತುಂಬಾ ಹೆಮ್ಮೆ ಆಯಿತು.

ಅಲ್ಲಿನ ವಿಧಾನಸಭೆ ಕಟ್ಟಡದ ನಡುವಿನ ಅಂಗಳಕ್ಕೆ ಚಾವಣಿಯೇ ಇಲ್ಲವಂತೆ. ಒಮ್ಮೆ ಹೋಗಿ ಫೋಟೋ ಕಳಿಸು.

ನಿನ್ನ ಅಪ್ಪ