ಜೆರ್ಸಿಯ ಮೇಲಿನ ಎರಡು ತಲೆಯ ಹಕ್ಕಿ: ಪೋಷಕರಿಗೆ ಪತ್ರ

ಮೈಸೂರು

ಮಾನ್ಯ ಪೋಷಕರೇ,

ನಮಸ್ಕಾರಗಳು. ನಮ್ಮ ಶಾಲೆಯ ಮೈದಾನದಲ್ಲಿ ಸಂಜೆ ಅಭ್ಯಾಸ ನಡೆಸುವ ಬಡಾವಣೆಯ ಫುಟ್‌ಬಾಲ್ ಕ್ಲಬ್ಬಿಗೆ ನಮ್ಮ ಮಕ್ಕಳೇ ಬಿಡಿಸಿಕೊಟ್ಟ ಲಾಂಛನವು ಈಗ ಜೆರ್ಸಿಯ ಮೇಲೆ ಬಂದಿದೆ. ಅದರಲ್ಲಿ ಗಂಡಭೇರುಂಡ ಏಕಿದೆ, ಸರ್ಕಾರದ ಮುದ್ರೆಯನ್ನು ಹೀಗೆ ಬಳಸಬಹುದೇ, ತಾಯಿ ಚಾಮುಂಡೇಶ್ವರಿಯ ಚಿತ್ರವನ್ನೇ ಹಾಕಬಹುದಿತ್ತಲ್ಲವೇ ಎಂದು ಕೆಲವರು ವಿಚಾರಿಸಿದ್ದೀರಿ.

ದೇವಿಯ ಚಿತ್ರವನ್ನು ನಾನೇ ಬೇಡವೆಂದೆ. ಆಟದ ಅಂಗಿ ಕೆಸರಿನಲ್ಲಿ ಹೊರಳುತ್ತದೆ, ಮನೆಗೆ ಬಂದ ಮೇಲೆ ಬಚ್ಚಲ ಮೂಲೆಯಲ್ಲಿ ಕಾಲಿಗೂ ಸಿಗುತ್ತದೆ.

ಇನ್ನು ಸರ್ಕಾರದ ಮುದ್ರೆಯ ಮಾತು. ಸರ್ಕಾರಿ ಲಾಂಛನಗಳ ವಾಣಿಜ್ಯ ಬಳಕೆಯನ್ನು 1950ರ ಕಾಯ್ದೆಯು ನಿರ್ಬಂಧಿಸುತ್ತದೆ. ಆದ್ದರಿಂದಲೇ ರಾಜ್ಯ ಲಾಂಛನದಲ್ಲಿರುವ ನಾಲ್ಮೊಗದ ಸಿಂಹ, ಇಕ್ಕೆಲಗಳಲ್ಲಿರುವ ಆನೆಯ ತಲೆ, ಸಿಂಹದ ದೇಹದ ಗಜಕೇಸರಿ, ಕೆಂಪು ಗುರಾಣಿ ಇವಾವುದನ್ನೂ ಮಕ್ಕಳು ಮುಟ್ಟಿಲ್ಲ. ಆದರೆ ಹಕ್ಕಿ ಮಾತ್ರ ಯಾವುದೇ ಕಚೇರಿಗಿಂತ ಹಳೆಯದು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರ ಕಂಬದ ಮೇಲೆ ಅದು ಮನುಷ್ಯನ ದೇಹ ಹೊತ್ತು ನಿಂತಿದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಕೊಕ್ಕು ಮತ್ತು ಉಗುರುಗಳಲ್ಲಿ ಆನೆಗಳನ್ನು ಹಿಡಿದಿದೆ. ಆಮೇಲೆ ಒಡೆಯರ ರಾಜಲಾಂಛನವಾಗಿ ನಮ್ಮ ಊರಿನದೇ ಆಯಿತು. ಆನೆಗಳಿಲ್ಲದ ಗಂಡಭೇರುಂಡ ಅಪೂರ್ಣವೆಂದು ಒಬ್ಬ ತಂದೆಯವರು ಹೇಳಿದ್ದು ಸರಿಯೇ. ಆದರೆ ಪ್ರತಿ ವರ್ಷ ದಸರಾ ಗಜಪಡೆಯ ತಾಲೀಮು ನೋಡಲು ರಸ್ತೆಬದಿಯಲ್ಲಿ ಕಾದು ನಿಲ್ಲುವ ಮಕ್ಕಳು ಹಕ್ಕಿಯ ಉಗುರಿಗೆ ಆನೆಯನ್ನು ಸಿಕ್ಕಿಸಲು ಒಪ್ಪಲಿಲ್ಲ. ಆನೆಯ ಜಾಗದಲ್ಲಿ ಚೆಂಡನ್ನು ಇಟ್ಟರು. ನಾನು ತಿದ್ದಲು ಹೋಗಲಿಲ್ಲ.

ಬಣ್ಣದ ವಿಷಯದಲ್ಲಿ ಮಾತ್ರ ಹಟ ಹಿಡಿದೆ. ಹನ್ನೆರಡನೆಯ ಶತಮಾನದ ಯುರೋಪಿನಲ್ಲಿ ಶಿರಸ್ತ್ರಾಣ ಧರಿಸಿದ ಯೋಧರ ಗುರುತು ಸಿಗಲೆಂದು ಗುರಾಣಿಗಳ ಮೇಲೆ ಚಿತ್ರ ಬರೆಯುವ ಪದ್ಧತಿ ಬೆಳೆಯಿತು. ಚಿನ್ನ ಬೆಳ್ಳಿಗಳನ್ನು ಸೂಚಿಸುವ ಹಳದಿ ಬಿಳಿಗಳನ್ನು ಒಂದರ ಮೇಲೊಂದು ಬಳಸಬಾರದು, ಕೆಂಪು, ನೀಲಿ, ಕಪ್ಪು, ಹಸಿರುಗಳನ್ನೂ ಹಾಗೆ ಬಳಸಬಾರದು ಎಂಬ ನಿಯಮ ಅಲ್ಲಿ ಮೂಡಿದ್ದು ದೂರದಿಂದ ಚಿತ್ರ ಕಾಣಲೆಂದೇ. ಕಾನ್‌ಸ್ಟಾಂಟಿನೋಪಲ್‌ನಿಂದ ನಿರಾಶ್ರಿತರಾಗಿ ಬಂದವರು 1924ರಲ್ಲಿ ಅಥೆನ್ಸಿನಲ್ಲಿ ಕಟ್ಟಿದ ಎಇಕೆ ಕ್ಲಬ್ಬಿನ ಹಳದಿ ಕಪ್ಪು ಲಾಂಛನವನ್ನು ಮಕ್ಕಳಿಗೆ ತೋರಿಸಿದಾಗ, ಅಲ್ಲಿಯೂ ಎರಡು ತಲೆಯ ಹದ್ದು ಇರುವುದನ್ನು ಕಂಡು ತರಗತಿಯಲ್ಲಿ ಗದ್ದಲವೇ ಆಯಿತು. ಅದು ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಬೈಜಾಂಟಿಯಂ ಸಾಮ್ರಾಜ್ಯದ ಹದ್ದು, ಬಿಟ್ಟು ಬಂದ ಊರಿನ ನೆನಪು. ಮೊದಲು ನೀಲಿಯ ಮೇಲೆ ಹಸಿರು ಹಕ್ಕಿ ಬರೆದಿದ್ದವರು ಮರುದಿನ ನೀಲಿಯ ಮೇಲೆ ಹಳದಿ ಹಕ್ಕಿಯನ್ನು ತಂದರು.

ರಾಜಲಾಂಛನದ ‘ನ ಬಿಭೇತಿ ಕದಾಚನ’, ಅಂದರೆ ಎಂದಿಗೂ ಅಂಜುವುದಿಲ್ಲ ಎಂಬ ಉಪನಿಷತ್ತಿನ ಮಾತನ್ನೂ ಸೇರಿಸುವ ಆಸೆ ಮಕ್ಕಳಿಗಿತ್ತು. ಅಷ್ಟು ಸಣ್ಣ ಅಕ್ಷರವನ್ನು ಹೊಲಿಯಲಾಗದೆಂದು ಕಸೂತಿಯವರು ಹೇಳಿದ್ದರಿಂದ ಬಿಟ್ಟೆವು.

ಜೆರ್ಸಿಯನ್ನು ಒಳಮಗ್ಗುಲಾಗಿ ತಿರುಗಿಸಿ ತಣ್ಣೀರಿನಲ್ಲಿ ಒಗೆಯಿರಿ. ಲಾಂಛನದ ಮೇಲೆ ನೇರವಾಗಿ ಇಸ್ತ್ರಿ ಹಾಕಬೇಡಿ. ಇನ್ನೂ ಆಕ್ಷೇಪಣೆ ಇರುವವರು ಮಕ್ಕಳ ಡೈರಿಯಲ್ಲಿ ಬರೆದು ಕಳುಹಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು